ಇಪ್ಪತ್ತು ನಿಮಿಷದ ನೀರು

ಹಾಲಿನ ಲ್ಯಾಬಿನಲ್ಲಿ ಆಸಿಡ್ ಇರುತ್ತದೆ ಎಂದರೆ ನಮ್ಮಮ್ಮ ಮೊದಲು ನಂಬಲೇ ಇಲ್ಲ. ಕ್ಯಾಲನೂರಿನ ಹತ್ತಿರದ ನಮ್ಮೂರಿನಲ್ಲಿ ಮೂರು ಸೀಮೆಹಸು ಸಾಕಿ, ಎರಡು ಹೊತ್ತೂ ಡೈರಿಗೆ ಹಾಲು ಹಾಕಿ ನನ್ನನ್ನು ಬಿ.ಎಸ್ಸಿ.ವರೆಗೆ ಓದಿಸಿದವಳು ಅವಳು. ಹಾಲಿಗೆ ಆಸಿಡ್ ಹಾಕಿದರೆ ಅದನ್ನು ಕುಡಿಯುವವರು ಯಾರು ಎಂದು ಕೇಳಿದಳು. ಕುಡಿಯುವ ಹಾಲಿಗಲ್ಲಮ್ಮ, ಪರೀಕ್ಷೆಗೆ ತೆಗೆದಿಟ್ಟ ಎರಡು ಚಮಚ ಹಾಲಿಗೆ ಎಂದು ವಿವರಿಸಿದೆ. ಉದ್ದ ಕತ್ತಿನ ಗಾಜಿನ ಬುರುಡೆಗೆ ಮೊದಲು ಗಂಧಕಾಮ್ಲ, ಅದರ ಮೇಲೆ ಹಾಲು, ಅದರ ಮೇಲೆ ಒಂದಿಷ್ಟು ಆಲ್ಕೋಹಾಲು ಹಾಕಿ, ರಬ್ಬರ್ ಬಿರಡೆ ಒತ್ತಿ, ಬಟ್ಟೆ ಸುತ್ತಿ ಕುಲುಕುತ್ತೇವೆ. ಆಸಿಡ್ ಹಾಲಿನಲ್ಲಿರುವುದನ್ನೆಲ್ಲ ಸುಟ್ಟು ಕೊಬ್ಬನ್ನು ಮಾತ್ರ ಉಳಿಸುತ್ತದೆ. ಬುರುಡೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಆಮೇಲೆ ಅದನ್ನು ಮಿಷನ್ನಿಗೆ ಹಾಕಿ ತಿರುಗಿಸಿದರೆ ಕೊಬ್ಬು ಮೇಲೆ ಬಂದು ಕತ್ತಿನಲ್ಲಿ ನಿಲ್ಲುತ್ತದೆ, ಗೀಟು ನೋಡಿ ಓದುತ್ತೇವೆ. ಹಳ್ಳಿ ಡೈರಿಗಳಿಗೆಲ್ಲ ಈಗ ಗುಂಡಿ ಒತ್ತಿದರೆ ಫ್ಯಾಟ್ ತೋರಿಸುವ ಮಿಷನ್ ಬಂದಿದೆ. ಹಳ್ಳಿಗಳ ಹಾಲನ್ನು ತಂಪುಮಾಡಿ ಇಡುವ ನಮ್ಮ ಚಿಲ್ಲಿಂಗ್ ಸೆಂಟರಿನಲ್ಲಿ ಮಾತ್ರ ಟ್ಯಾಂಕರ್ ಹಾಲಿನ ಬಗ್ಗೆ ತಕರಾರು ಬಂದಾಗ ಇವತ್ತಿಗೂ ಈ ಹಳೆಯ ಪರೀಕ್ಷೆಯೇ ಕೊನೆಯ ಮಾತು.

ಶ್ರೀನಿವಾಸಪುರ ರಸ್ತೆಯ ಆ ಖಾಸಗಿ ಸೆಂಟರಿಗೆ ಸೇರುವ ಮೊದಲು ನಾನು ಎರಡು ವರ್ಷ ನರಸಾಪುರದ ಒಂದು ಕಾರ್ಖಾನೆಯಲ್ಲಿದ್ದೆ. ಕಂಪನಿ ಬಸ್ಸು, ಮೂರು ಪಾಳಿ, ಒಂದೇ ಬಣ್ಣದ ಅಂಗಿ. ಅಲ್ಲಿ ಕಲಿತದ್ದರಲ್ಲಿ ನನಗೆ ಉಳಿದದ್ದು ಒಂದು ಮಧ್ಯಾಹ್ನದ ಪ್ರಥಮ ಚಿಕಿತ್ಸೆಯ ಪಾಠ ಮಾತ್ರ. ಹೇಳಿಕೊಡಲು ಬಂದಿದ್ದವರು ನಿವೃತ್ತರಾದ ಒಬ್ಬ ನರ್ಸಮ್ಮ. ಚಿತ್ರ ತೋರಿಸಿ ಮುಗಿಸಲಿಲ್ಲ ಆಕೆ. ನಮ್ಮನ್ನು ಒಬ್ಬೊಬ್ಬರನ್ನಾಗಿ ನಲ್ಲಿಯ ಕೆಳಗೆ ಬಗ್ಗಿಸಿ, ಕಣ್ಣಿನ ಮೇಲೆ ನೀರು ಬಿಟ್ಟು, ಗಡಿಯಾರ ನೋಡುತ್ತ ನಿಂತರು. ಇಪ್ಪತ್ತು ನಿಮಿಷ ಎಂದರೆ ಎಷ್ಟು ಉದ್ದ ಅಂತ ಗೊತ್ತಾಗಲಿ ಎಂದರು. "ಐದು ನಿಮಿಷಕ್ಕೇ ಎಲ್ಲರೂ ಸಾಕು ಅಂತಾರೆ. ನೋವು ತಿನ್ನೋನೂ ಸಾಕು ಅಂತಾನೆ, ನಿಂತು ನೋಡೋನೂ ಸಾಕು ಅಂತಾನೆ. ನೀರು ಹಿಡಿದೋರು ಮಾತ್ರ ಸಾಕು ಅನ್ನಬಾರದು." ಅವತ್ತು ನಾವೆಲ್ಲ ಮುಖ ಒದ್ದೆ ಮಾಡಿಕೊಂಡು ನಕ್ಕಿದ್ದೆವು.

ಹೊಸ ಲ್ಯಾಬಿನಲ್ಲಿ ಇದ್ದವರು ಇಬ್ಬರೇ. ನಾನು, ಮತ್ತು ನನ್ನ ಕೈಕೆಳಗೆ ಎಂದು ಕಾಗದದಲ್ಲಿ ಬರೆದಿದ್ದ, ಆದರೆ ಆ ಪರೀಕ್ಷೆಯನ್ನು ನನಗಿಂತ ಇಪ್ಪತ್ತು ವರ್ಷ ಹೆಚ್ಚು ಮಾಡಿದ್ದ ಒಬ್ಬ ಸಹಾಯಕರು. ಮುಳಬಾಗಿಲಿನಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವರು. ಮನೆಮಾತು ತೆಲುಗು. ನನ್ನ ಜೊತೆ ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಮ್ಮ ಎನ್ನುತ್ತಿದ್ದರು. ಶನಿವಾರ ಒಪ್ಪೊತ್ತು. ಬೀಡಿ ಇಲ್ಲ, ಕುಡಿತ ಇಲ್ಲ. ಲ್ಯಾಬಿಗೆ ಟೀ ಬಂದರೆ ಹೊರಗೆ ಹೋಗಿ ಕುಡಿದು, ಕೈ ತೊಳೆದು ಒಳಗೆ ಬರುತ್ತಿದ್ದ ಮನುಷ್ಯ.

ಲ್ಯಾಬಿನ ಸಿಂಕಿನ ನಲ್ಲಿಯಲ್ಲಿ ನೀರು ದಾರದಷ್ಟು ಬರುತ್ತಿತ್ತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಗೋಡೆಯ ಮೇಲಿತ್ತು, ಅದರ ಬೀಗದ ಕೈ ಮ್ಯಾನೇಜರ ಮೇಜಿನಲ್ಲಿತ್ತು. ಕಣ್ಣಿಗೆ ಹಾಕುವ ರಕ್ಷಣೆಯ ಕನ್ನಡಕ ಇಬ್ಬರಿಗೂ ಸೇರಿ ಒಂದೇ, ಅದೂ ಗೀರುಬಿದ್ದು ಮಬ್ಬಾಗಿತ್ತು. ಬಿರಡೆಗಳು ಸವೆದಿದ್ದವು. ನಾನು ಸೇರಿದ ಮೇಲೆ ಮೂರು ಸಲ ಪತ್ರ ಬರೆದೆ. ಹೊಸ ಬಿರಡೆ ಬೇಕು, ಕಣ್ಣು ತೊಳೆಯುವ ನಲ್ಲಿ ಬೇಕು, ಪೆಟ್ಟಿಗೆಗೆ ಬೀಗ ಬೇಡ. ಇಷ್ಟು ವರ್ಷ ಇಲ್ಲಿ ಯಾರಿಗೂ ಏನೂ ಆಗಿಲ್ಲ ಎಂದು ಮ್ಯಾನೇಜರು ಮೂರು ಸಲವೂ ಬಾಯಲ್ಲೇ ಉತ್ತರ ಕೊಟ್ಟರು. ಅವರು ಹಾಸನದ ಕಡೆಯವರು, ನಮ್ಮ ಸೀಮೆಗೆ ಬಂದು ಆರು ತಿಂಗಳಾಗಿರಲಿಲ್ಲ. ಕೆಟ್ಟವರಲ್ಲ. ಟ್ಯಾಂಕರ್ ತಡವಾದರೆ ಮಾತ್ರ ಅವರಿಗೆ ಬೇರೇನೂ ಕಾಣುತ್ತಿರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ, ಹತ್ತು ಗಂಟೆಯ ಹೊತ್ತಿಗೆ, ಅಂಗಳದಲ್ಲಿ ನಾಲ್ಕು ಟ್ಯಾಂಕರ್ ಸಾಲುಗಟ್ಟಿದ್ದವು. ಮ್ಯಾನೇಜರು ಎರಡು ಸಲ ಬಾಗಿಲಿಗೆ ಬಂದು ಇನ್ನೂ ಆಗಿಲ್ಲವಾ ಎಂದು ಕೇಳಿ ಹೋಗಿದ್ದರು. ಕನ್ನಡಕದಲ್ಲಿ ಗೀಟು ಕಾಣುವುದಿಲ್ಲ ಎಂದು ಅಣ್ಣ ಅದನ್ನು ಹಣೆಯ ಮೇಲಕ್ಕೆ ಸರಿಸಿಕೊಂಡಿದ್ದರು. ನಾನು ನೋಡಿದೆ, ಏನೂ ಹೇಳಲಿಲ್ಲ. ಆ ಬಿರಡೆ ಸವೆದಿದ್ದದ್ದೂ ನನಗೆ ಗೊತ್ತಿತ್ತು. ಇದನ್ನು ಇಲ್ಲಿ ಬರೆಯದಿದ್ದರೆ ಮುಂದಿನದನ್ನು ಬರೆಯುವ ಹಕ್ಕು ನನಗಿಲ್ಲ.

ಅವರು ಬುರುಡೆಗೆ ಬಟ್ಟೆ ಸುತ್ತಿ ಎರಡು ಸಲ ಕುಲುಕಿದ್ದರು, ಅಷ್ಟೇ. ಪಟ್ ಎಂದು ಬಿರಡೆ ಹಾರಿತು. ಕಾದು ಕಪ್ಪಾಗಿದ್ದ ಆಸಿಡ್ ಅವರ ಮುಖಕ್ಕೆ, ಕತ್ತಿಗೆ, ಎದೆಗೆ ಚಿಮ್ಮಿತು. ಬುರುಡೆ ನೆಲಕ್ಕೆ ಬಿದ್ದು ಒಡೆಯಿತು. ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, "ಕಳ್ಳು, ನಾ ಕಳ್ಳು" ಎಂದು ಕಿರುಚತೊಡಗಿದರು. ನಮ್ಮ ಕಡೆಯ ತೆಲುಗಿನಲ್ಲಿ ಕೆಲವರು ಕಂಡ್ಲು ಎನ್ನುತ್ತಾರೆ, ಕೆಲವರು ಕಳ್ಳು ಎನ್ನುತ್ತಾರೆ. ಎರಡೂ ಕಣ್ಣುಗಳೇ. ನನ್ನ ಕಣ್ಣು, ನನ್ನ ಕಣ್ಣು ಎಂದು ಕೂಗುತ್ತಿದ್ದರು ಅವರು.

ಸಿಂಕಿನ ದಾರದಂಥ ನೀರು ನೆನಪಾಯಿತು. ಅದರಿಂದ ಏನೂ ಆಗುವುದಿಲ್ಲ. ಬಾಗಿಲಿನ ಎದುರಿಗೆ ಟ್ಯಾಂಕರ್ ತೊಳೆಯುವ ಕಟ್ಟೆ ಇತ್ತು, ಅಲ್ಲಿ ಬೋರ್‌ವೆಲ್ಲಿನ ನೀರಿನ ದಪ್ಪ ಪೈಪು. ಅವರ ರಟ್ಟೆ ಹಿಡಿದು ಎಳೆದುಕೊಂಡು ಹೋದೆ. ಅವರಿಗೆ ಏನೂ ಕಾಣುತ್ತಿರಲಿಲ್ಲ, ಹೊಸ್ತಿಲು ಎಡವಿದರು, ಬೀಳಲು ಬಿಡಲಿಲ್ಲ. ಕಟ್ಟೆಯ ಮೇಲೆ ಮಲಗಿಸಿ ವಾಲ್ವು ತಿರುಗಿಸಿದೆ. ಆ ರಭಸದ ನೀರು ನೇರವಾಗಿ ಕಣ್ಣಿಗೆ ಬಿದ್ದರೆ ಅದೇ ಇನ್ನೊಂದು ಗಾಯ. ವಾಲ್ವನ್ನು ಅರ್ಧ ಮುಚ್ಚಿ, ಪೈಪಿನ ಬಾಯಿಗೆ ನನ್ನ ಅಂಗೈ ಅಡ್ಡಕೊಟ್ಟು, ಅಲ್ಲಿಂದ ಇಳಿದ ನೀರು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯುವ ಹಾಗೆ ಬಿಟ್ಟೆ.

ಕಣ್ಣು ಬಿಡಿ ಎಂದರೆ ಬಿಡಲಾಗುತ್ತಿರಲಿಲ್ಲ ಅವರಿಗೆ. ರೆಪ್ಪೆ ಬಿಗಿದುಕೊಂಡಿದ್ದರು. ಅವರ ತಲೆಯನ್ನು ನನ್ನ ಮೊಣಕಾಲುಗಳ ನಡುವೆ ಹಿಡಿದು, ಎಡಗೈಯ ಎರಡು ಬೆರಳಿನಿಂದ ರೆಪ್ಪೆ ಅಗಲಿಸಿದೆ. ಒಂದು ಕಣ್ಣು, ಆಮೇಲೆ ಇನ್ನೊಂದು, ಮತ್ತೆ ಮೊದಲನೆಯದು. ಅಷ್ಟರಲ್ಲಿ ಡ್ರೈವರುಗಳು, ಕ್ಯಾನ್ ಇಳಿಸುವವರು ಎಲ್ಲ ಸುತ್ತ ನಿಂತಿದ್ದರು. ಅಂಗಿ ಬಿಚ್ಚಿ ಎಂದೆ, ಯಾರೂ ಅಲ್ಲಾಡಲಿಲ್ಲ. ಒಬ್ಬ ಹೆಂಗಸು ಗಂಡಸಿನ ತಲೆಯನ್ನು ಕಾಲಿನ ನಡುವೆ ಹಿಡಿದು ಕೂತಿರುವುದನ್ನು ನೋಡುವುದರಲ್ಲೇ ಇದ್ದರು. ನಾನೇ ಗುಂಡಿ ಕಿತ್ತು ಅಂಗಿ ಬಿಚ್ಚಿ ಎಸೆದೆ. ಕತ್ತಿನಲ್ಲಿ ಕರಿದಾರದಲ್ಲಿ ಒಂದು ಬೆಳ್ಳಿಯ ತಾಯತವಿತ್ತು. ಆ ದಾರ ಆಸಿಡ್ ಹೀರಿಕೊಂಡು ಚರ್ಮಕ್ಕೆ ಅಂಟಿತ್ತು. ಅದನ್ನು ಕತ್ತರಿಸಿ ಎಂದಾಗ ಅಷ್ಟು ನೋವಿನಲ್ಲೂ ಅಣ್ಣ ಬೇಡ ಎಂದು ತಲೆಯಾಡಿಸಿದರು. ಒಬ್ಬ ಡ್ರೈವರ್ ಚಾಕು ಕೊಟ್ಟ. ನಾನೇ ಕತ್ತರಿಸಿದೆ.

ಆಮೇಲೆ ಸಲಹೆಗಳು ಶುರುವಾದವು. ಒಬ್ಬ ಒಂದು ಮಗ್ ತಣ್ಣನೆಯ ಹಾಲು ತಂದ, ಕಣ್ಣಿಗೆ ಹಾಲು ಬಿಟ್ಟರೆ ಉರಿ ನಿಲ್ಲುತ್ತದೆ ಎಂದ. ಬೇಡ ಎಂದೆ. ಇನ್ನೊಬ್ಬ ಕ್ಯಾಂಟೀನಿನಿಂದ ಅಡುಗೆ ಸೋಡಾ ತಂದ, ಆಸಿಡ್ ಮುರಿಯುತ್ತದಲ್ಲ ಎಂದ. ಅದು ಮುರಿಯುವಾಗ ಇನ್ನೂ ಬಿಸಿಯಾಗುತ್ತದೆ, ಕಣ್ಣಿಗೆ ಅದನ್ನು ಮುಟ್ಟಿಸಬೇಡಿ, ನೆಲದ ಮೇಲೆ ಬಿದ್ದಿರುವುದಕ್ಕೆ ಹಾಕಿ ಎಂದೆ. ಅಷ್ಟರಲ್ಲಿ ಮ್ಯಾನೇಜರು ಓಡಿ ಬಂದರು. ಅವರ ಹಿಂದೆ ಜೀಪು ಬಂತು. ಎತ್ತಿ ಹಾಕಿ, ಕೋಲಾರಕ್ಕೆ ನಡೀರಿ ಎಂದರು.

ನಾನು ಗಡಿಯಾರ ನೋಡಿದೆ. ಆರು ನಿಮಿಷವಾಗಿತ್ತು. ಇನ್ನು ಹದಿನಾಲ್ಕು ನಿಮಿಷ ನೀರು ಬೇಕು, ಆಮೇಲೆ ಹೋಗೋಣ ಎಂದೆ. ಅವರಿಗೆ ಕೇಳಿಸಲಿಲ್ಲ ಎಂದುಕೊಂಡು ಮತ್ತೆ ಹೇಳಿದೆ. ಅವರಿಗೆ ಕೇಳಿಸಿತ್ತು.

"ನಾನು ಹೇಳ್ತಾ ಇದ್ದೀನಿ, ಬಿಡಿ ಅವರನ್ನ. ಹೆಚ್ಚುಕಡಿಮೆ ಆದ್ರೆ ಯಾರು ಜವಾಬ್ದಾರಿ?"

"ನಾನೇ ಸರ್. ಬರೆದುಕೊಡ್ತೀನಿ. ಈಗ ನೀರು ನಿಲ್ಲಿಸಲ್ಲ."

ಇಬ್ಬರು ಮುಂದೆ ಬಂದು ಅಣ್ಣನ ಕಾಲು ಹಿಡಿದರು. ಕೈ ತೆಗೀರಿ ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ನಮ್ಮಮ್ಮ ಹೊಲದ ಬದುವಿನ ಜಗಳದಲ್ಲಿ ದಾಯಾದಿಗಳ ಮೇಲೆ ಎತ್ತುವ ದನಿ ಅದು. ಅವರು ಕೈ ತೆಗೆದರು. ಅಣ್ಣ ಕೆಳಗಿನಿಂದ, ಸಾಕು ಮೇಡಮ್ಮ, ಚಳಿಯಾಗ್ತಿದೆ, ಸಾಕು ಎನ್ನುತ್ತಿದ್ದರು. ಸಾಕಾಗಿಲ್ಲಣ್ಣ ಎಂದೆ. ಮ್ಯಾನೇಜರು ಫೋನಿನಲ್ಲಿ ಯಾರಿಗೋ ನನ್ನ ಹುಚ್ಚನ್ನು ವರ್ಣಿಸುತ್ತ ಅತ್ತಿಂದಿತ್ತ ಓಡಾಡಿದರು. ನನ್ನ ಅಂಗೈ, ಮಣಿಕಟ್ಟು ಉರಿಯತೊಡಗಿದ್ದವು. ನೀರಿನಲ್ಲೇ ಇವೆಯಲ್ಲ ಎಂದು ಸುಮ್ಮನಾದೆ.

ಹತ್ತು ನಿಮಿಷ, ಹದಿನೈದು ನಿಮಿಷ. ನರ್ಸಮ್ಮ ಹೇಳಿದ್ದು ಸರಿ, ಬಹಳ ಉದ್ದ. ನಾನು ತಪ್ಪು ಮಾಡುತ್ತಿದ್ದರೆ ಎಂಬ ಹೆದರಿಕೆ ಹದಿನೇಳನೆಯ ನಿಮಿಷದಲ್ಲಿ ಬಂತು. ಒಬ್ಬ ಮನುಷ್ಯನ ಕಣ್ಣನ್ನು ಹಟಕ್ಕೆ ಬಿದ್ದು ಕಳೆಯುತ್ತಿದ್ದೇನೆಯೇ ಎನ್ನಿಸಿತು. ಆದರೂ ಪೈಪು ಬಿಡಲಿಲ್ಲ. ಇಪ್ಪತ್ತಾದ ಮೇಲೆ ಎರಡು ಹಾಲಿನ ಕ್ಯಾನುಗಳನ್ನು ತೊಳೆಸಿ, ಕುಡಿಯುವ ನೀರು ತುಂಬಿಸಿ, ಜೀಪಿಗೆ ಹಾಕಿಸಿದೆ. ದಾರಿಯುದ್ದಕ್ಕೂ ಲೋಟದಲ್ಲಿ ನೀರು ಬಿಡುತ್ತಲೇ ಹೋದೆ. ಜೀಪಿನ ಸೀಟು ನೆನೆಯಿತು. ಅದಕ್ಕೂ ಡ್ರೈವರ್ ಗೊಣಗಿದ.

ಕೋಲಾರದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಮೊದಲು ಕೇಳಿದ್ದು, ಏನು ಬಿತ್ತು, ಎಷ್ಟು ಹೊತ್ತಾಯಿತು, ಎಷ್ಟು ಹೊತ್ತು ತೊಳೆದಿರಿ ಎಂದು. ಹಿಂದೆ ಪತ್ರಕ್ಕೆಂದು ತೆಗೆದಿದ್ದ ಆಸಿಡ್ ಬಾಟಲಿಯ ಚೀಟಿಯ ಫೋಟೋ ನನ್ನ ಫೋನಿನಲ್ಲಿತ್ತು, ತೋರಿಸಿದೆ. ಇಪ್ಪತ್ತು ನಿಮಿಷ, ದಾರಿಯಲ್ಲೂ ಬಿಟ್ಟಿಲ್ಲ ಎಂದೆ. ಆಕೆ ಹೊಗಳಲಿಲ್ಲ, ಬಯ್ಯಲೂ ಇಲ್ಲ. ರೆಪ್ಪೆಯ ಒಳಗೆ ಆಸಿಡ್ ಇನ್ನೂ ಉಳಿದಿದೆಯೇ ಎಂದು ತೋರಿಸುವ ಒಂದು ಸಣ್ಣ ಕಾಗದದ ಪಟ್ಟಿ ಇಟ್ಟು, ಬಣ್ಣ ನೋಡಿ, ಹೂಂ ಎಂದು ಮತ್ತೆ ಸಲೈನಿನಲ್ಲಿ ತೊಳೆಯಲು ನಿಂತರು. ನಾನು ಮಾಡಿದ್ದನ್ನೇ ಆಕೆಯೂ ಮಾಡಿದ್ದನ್ನು ನೋಡಿ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ. ಆಗ ಒಬ್ಬ ನರ್ಸು ನನ್ನ ಕೈ ನೋಡಿ, ನೀವೂ ಒಳಗೆ ಬನ್ನಿ ಎಂದರು.

ಮಾರನೆಯ ದಿನ ಆಸ್ಪತ್ರೆಯಲ್ಲಿ ಅಣ್ಣನ ಹೆಂಡತಿ ಸಿಕ್ಕರು. ಕೈಮುಗಿಯುತ್ತಾರೆ ಎಂದುಕೊಂಡಿದ್ದೆ. ತಾಯತ ಏಕೆ ಕತ್ತರಿಸಿದೆ ಎಂದು ಕೇಳಿದರು. ಅದು ಅವರ ಅತ್ತೆ ಮಗನಿಗೆ ಕಟ್ಟಿದ್ದು, ಮದುವೆಗೆ ಮುಂಚಿನದು, ಅದನ್ನು ತೆಗೆದದ್ದಕ್ಕೇ ಎಡಗಣ್ಣಿಗೆ ಹೆಚ್ಚಾಯಿತು ಎಂದರು. ಡಾಕ್ಟರು ಬಲಗಣ್ಣು ಪೂರ್ತಿ ಉಳಿಯುತ್ತದೆ, ಎಡಗಣ್ಣಿನಲ್ಲಿ ಸ್ವಲ್ಪ ಮಂಜು ಉಳಿಯಬಹುದು ಎಂದಿದ್ದರು. 

ಒಂದು ವಾರದ ಮೇಲೆ ಮ್ಯಾನೇಜರು ನನ್ನನ್ನು ಕರೆದು ಟೈಪು ಮಾಡಿದ ಒಂದು ವರದಿ ಮುಂದಿಟ್ಟರು. ಸಾಕ್ಷಿ ಎಂದು ನಾನು ಸಹಿ ಹಾಕಬೇಕಿತ್ತು. ಓದಿದೆ. ಕೆಲಸಗಾರ ಕುಡಿದು ಬಂದಿದ್ದ ಸಂಭವವಿದೆ, ಘಟನೆಯಾದ ತಕ್ಷಣ ಅವನೇ ಪದೇ ಪದೇ ಕಳ್ಳು, ಕಳ್ಳು ಎಂದು ಕೂಗಿದ್ದನ್ನು ಹಲವರು ಕೇಳಿದ್ದಾರೆ ಎಂದಿತ್ತು. ಅದರ ಕೆಳಗೆ, ಲ್ಯಾಬಿನ ಮೇಲ್ವಿಚಾರಕಿ ಆದೇಶ ಮೀರಿ ಆಸ್ಪತ್ರೆಗೆ ಕಳಿಸುವುದನ್ನು ತಡಮಾಡಿದರು ಎಂದಿತ್ತು. ಬಿರಡೆಯ ಸುದ್ದಿ ಇಲ್ಲ, ನಲ್ಲಿಯ ಸುದ್ದಿ ಇಲ್ಲ, ನನ್ನ ಮೂರು ಪತ್ರಗಳ ಸುದ್ದಿಯೂ ಇಲ್ಲ.

ಮೊದಲು ನಗು ಬಂತು. ಅವರು ಬೇಕೆಂದು ಬರೆದಿರಲಿಲ್ಲ, ಕೇಳಿಸಿದ್ದನ್ನೇ ಬರೆದಿದ್ದರು. ಗಡಿಯಾಚೆ ಕಳ್ಳು ಸಿಗುತ್ತದೆ ಎಂದು ಯಾರೋ ಹೇಳಿದ್ದರು, ಈತ ಗಡಿಯವನು, ಅಷ್ಟು ಸಾಕಾಗಿತ್ತು. ಆಮೇಲೆ ನಗು ಹೋಗಿ ಮೈ ಉರಿಯಿತು. ಒಬ್ಬ ಮನುಷ್ಯ ನನ್ನ ಕಣ್ಣು ಎಂದು ಅಳುತ್ತಾನೆ, ಅದನ್ನು ಅವನ ಕುಡಿತದ ತಪ್ಪೊಪ್ಪಿಗೆ ಮಾಡಿ ಕಾಗದಕ್ಕೆ ಇಳಿಸುತ್ತಾರೆ. ಸಹಿ ಹಾಕುವುದಿಲ್ಲ ಎಂದೆ. ಯೋಚಿಸಿ ಹೇಳಿ, ಕೆಲಸದ ಪ್ರಶ್ನೆ ಎಂದರು. ಯೋಚಿಸುವುದಕ್ಕೇನಿದೆ ಸರ್, ಇದು ಸುಳ್ಳು ಎಂದೆ. ಮನೆಗೆ ಹೋಗಿ ಎರಡು ಪುಟ ನನ್ನದೇ ಹೇಳಿಕೆ ಬರೆದೆ. ಕನ್ನಡಕ ಹಣೆಯ ಮೇಲಿದ್ದದ್ದು, ನಾನು ನೋಡಿಯೂ ಸುಮ್ಮನಿದ್ದದ್ದು, ಅದನ್ನೂ ಬರೆದೆ. ನನ್ನ ಪತ್ರಗಳ ನಕಲು ಸೇರಿಸಿ ಹೆಡ್ಡಾಫೀಸಿಗೆ ಕಳಿಸಿದೆ.

ಹೆಡ್ಡಾಫೀಸಿನಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಕಡಿಮೆ ಮಾತಿನ ಮನುಷ್ಯ. ಮ್ಯಾನೇಜರ ಕೋಣೆಯಲ್ಲಿ ಮೂವರೇ ಕೂತೆವು. ಕಳ್ಳು ಎಂದರೆ ತೆಲುಗಿನಲ್ಲಿ ಕಣ್ಣು ಎಂದು ನಾನು ಹೇಳಿದೆ. ಅದು ನೀವು ಹೇಳುವುದು ಎಂದರು ಮ್ಯಾನೇಜರು. ಹಾಗಾದರೆ ನಾನು ಹೇಳುವುದು ಬೇಡ, ಅಂಗಳದಲ್ಲಿರುವ ಯಾವ ಟ್ಯಾಂಕರಿನ ಡ್ರೈವರನ್ನಾದರೂ ಕರೆಸಿ, ನೀವೇ ಆರಿಸಿ ಎಂದೆ. ಅಧಿಕಾರಿ ಕಿಟಕಿಯಿಂದ ನೋಡಿ ಒಬ್ಬನನ್ನು ಕರೆಸಿದರು. ಆಸಿಡ್ ಚಿಮ್ಮಿದ ದಿನ ಅಂಗಳದಲ್ಲೇ ಇಲ್ಲದಿದ್ದ, ಅವತ್ತಷ್ಟೇ ಆಂಧ್ರದ ಮದನಪಲ್ಲಿ ಕಡೆಯಿಂದ ಬಂದ ಡ್ರೈವರ್. ಏನು ತಪ್ಪು ಮಾಡಿದೆನೋ ಎಂದು ಹೆದರಿಕೊಂಡೇ ಒಳಗೆ ಬಂದ.

ಕಳ್ಳು ಅಂದ್ರೆ ಏನಪ್ಪ ಎಂದು ಅಧಿಕಾರಿಯೇ ಕೇಳಿದರು. ಅವನು ನಮ್ಮ ಮೂವರ ಮುಖವನ್ನೂ ನೋಡಿ, ಎರಡು ಬೆರಳನ್ನು ತನ್ನ ಎರಡು ಕಣ್ಣಿನ ಹತ್ತಿರ ತಂದು ತೋರಿಸಿದ. ಕುಡಿಯೋದಕ್ಕೆ ಅದೇ ಹೆಸರಲ್ವೇ ಎಂದು ಮ್ಯಾನೇಜರು ಮಧ್ಯೆ ಬಾಯಿ ಹಾಕಿದರು. ಅವನು ಬಹಳ ತಾಳ್ಮೆಯಿಂದ, ಮಕ್ಕಳಿಗೆ ಅಕ್ಷರ ಹೇಳಿಕೊಡುವವನ ಹಾಗೆ ಹೇಳಿದ.

"ತಾಗೇದಿ ಕಲ್ಲು ಸಾರ್. ಚೂಸೇವಿ ಕಳ್ಳು."

ಕುಡಿಯುವುದು ಕಲ್ಲು, ನೋಡುವುದು ಕಳ್ಳು. ನಾನು ಕನ್ನಡ ಮಾಡಿ ಹೇಳುವ ಅಗತ್ಯವೂ ಬೀಳಲಿಲ್ಲ. ಅಧಿಕಾರಿ ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದರು.

ನಾನು ಆದೇಶ ಮೀರಿ ತಡಮಾಡಿದೆ ಎಂಬ ಎರಡನೆಯ ಸಾಲನ್ನು ಹೊಡೆಯಲಿಲ್ಲ. ಡಾಕ್ಟರಮ್ಮನ ಕೈಬರಹದಲ್ಲಿ, ತಕ್ಷಣ ಸಾಕಷ್ಟು ಹೊತ್ತು ನೀರಿನಲ್ಲಿ ತೊಳೆಯಲಾಗಿದೆ ಎಂದು ಬರೆದ ಚೀಟಿ ಮೇಜಿನ ಮೇಲೇ ಇತ್ತು. ಅದು ವೈದ್ಯಕೀಯದ ಮಾತು, ಆದೇಶ ಮೀರಿದ್ದು ಶಿಸ್ತಿನ ಮಾತು ಎಂದರು ಅಧಿಕಾರಿ. ನನಗೆ ಎಚ್ಚರಿಕೆಯ ಮೆಮೋ ಬಂತು. ಅದನ್ನು ಪಡೆದಿದ್ದೇನೆ ಎಂದು ಸಹಿ ಮಾಡುವ ಜಾಗದ ಕೆಳಗೆ, ಇಂಥದು ಮತ್ತೆ ನಡೆದರೆ ಮತ್ತೆ ಹೀಗೇ ಮಾಡುತ್ತೇನೆ ಎಂದು ಬರೆದು ಸಹಿ ಹಾಕಿದೆ. ಗುಮಾಸ್ತರು ಓದಿ ತಲೆ ಚಚ್ಚಿಕೊಂಡರು, ಫೈಲಿಗೆ ಹಾಕಿದರು.

ಅಷ್ಟಾದರೂ ಬಿರಡೆ ಬರಲಿಲ್ಲ, ನಲ್ಲಿ ಬರಲಿಲ್ಲ. ಒಂದು ಸೋಮವಾರ ನಾನು ಲ್ಯಾಬಿನ ಬಾಗಿಲು ತೆಗೆದು, ಆಸಿಡ್ ಬಾಟಲಿಯನ್ನು ಬೀರುವಿನಲ್ಲಿಟ್ಟು, ಹೊರಗೆ ಸ್ಟೂಲು ಹಾಕಿಕೊಂಡು ಕೂತೆ. ಮಿಷನ್ನಿನಲ್ಲಿ ಆಗುವ ಪರೀಕ್ಷೆ ಮಾಡಿಕೊಡುತ್ತೇನೆ, ಆಸಿಡ್ ಪರೀಕ್ಷೆ ಮಾಡುವುದಿಲ್ಲ ಎಂದೆ. ಅವತ್ತೇ ಎರಡು ಟ್ಯಾಂಕರಿನ ಫ್ಯಾಟಿನ ಬಗ್ಗೆ ತಕರಾರಿತ್ತು. ಬಿಸಿಲು ಏರಿತು. ಮ್ಯಾನೇಜರು ಬಂದು ಗದರಿದರು, ಆಮೇಲೆ ಬಂದು ಸಮಾಧಾನ ಹೇಳಿದರು, ಆಮೇಲೆ ಬಂದು ನಿಮ್ಮ ಮನೆಯಲ್ಲೂ ಹಾಲು ಹಾಕುತ್ತಾರಲ್ಲ, ರೈತರ ಹಾಲು ಹಾಳಾದರೆ ನಿಮಗೆ ಏನೂ ಅನ್ನಿಸುವುದಿಲ್ಲವೇ ಎಂದರು. ಆ ಮಾತು ನಾಟಿತು. ಆದರೂ ಏಳಲಿಲ್ಲ. ಮಧ್ಯಾಹ್ನ ಶ್ರೀನಿವಾಸಪುರದಿಂದ ಪ್ಲಂಬರ್ ಬಂದ. ಮೇಲ್ಮುಖವಾಗಿ ಚಿಮ್ಮುವ ಎರಡು ನಲ್ಲಿ, ಮೊಣಕೈಯಿಂದ ತಳ್ಳಿದರೆ ತೆರೆಯುವ ಹಿಡಿ. ಮೂರನೆಯ ದಿನ ಹೊಸ ಬಿರಡೆ, ನಾಲ್ಕು ಕನ್ನಡಕ ಬಂದವು. ಪೆಟ್ಟಿಗೆಯ ಬೀಗವನ್ನು ಮಾತ್ರ ನಾನೇ ಕಲ್ಲಿನಿಂದ ಹೊಡೆದು ತೆಗೆದೆ. ಒಳಗೆ ಒಣಗಿದ ಹಳದಿ ಮುಲಾಮು, ಒಂದು ಉಂಡೆ ಹತ್ತಿ ಇದ್ದವು.

ಅಣ್ಣ ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದರು. ಕತ್ತಿನಲ್ಲಿ ಕಂದು ಮಚ್ಚೆ, ಎಡಗಣ್ಣಿನಲ್ಲಿ ಸ್ವಲ್ಪ ಮಂಜು. ಮೊದಲ ದಿನ ಬುರುಡೆ ಎತ್ತಿಕೊಂಡು ಮತ್ತೆ ಕೆಳಗಿಟ್ಟರು. ಇವತ್ತು ಬೇಡ ಬಿಡಿ ಎಂದೆ. ಅವರು ಕನ್ನಡಕ ಏರಿಸಿ, ಬಟ್ಟೆ ಸುತ್ತಿ, ಮುಖ ಆಚೆ ತಿರುಗಿಸಿ, ಎಲ್ಲವನ್ನೂ ನಿಧಾನವಾಗಿ ಮುಗಿಸಿದರು. ಆಮೇಲೆ ಹೊರಗೆ ಹೋಗಿ ಬಹಳ ಹೊತ್ತು ಟೀ ಕುಡಿದರು.

ಈಗ ಲ್ಯಾಬಿನಲ್ಲಿ ನಾಲ್ವರಿದ್ದೇವೆ. ಹೊಸಬರು ಯಾರೇ ಬರಲಿ, ಮೊದಲ ದಿನ ಅವರ ಕಣ್ಣಿಗೆ ಬಟ್ಟೆ ಕಟ್ಟಿ, ಮೇಜಿನ ಹತ್ತಿರ ನಿಲ್ಲಿಸಿ, ನಲ್ಲಿ ಹುಡುಕಿಕೊಂಡು ಹೋಗಿ ಎನ್ನುತ್ತೇನೆ. ಎಂಟು ಹೆಜ್ಜೆ. ಆಸಿಡ್ ಬಿದ್ದಾಗ ಕಣ್ಣು ಕಾಣುವುದಿಲ್ಲ, ಕಾಲಿಗೆ ದಾರಿ ಗೊತ್ತಿರಬೇಕು. ಕೆಲವರು ನಗುತ್ತಾರೆ, ಕೆಲವರು ಸ್ಟೂಲಿಗೆ ಎಡವುತ್ತಾರೆ. ಹೋದ ತಿಂಗಳು ಮಾಲೂರಿನಿಂದ ಬಂದ ಒಬ್ಬ ಹುಡುಗಿ, ಇದು ಅವಮಾನ ಎಂದು ಆಫೀಸಿಗೆ ದೂರು ಕೊಟ್ಟಳು. ಆಫೀಸಿನವರು ನಿಲ್ಲಿಸಿ ಎಂದು ಹೇಳಿ ಕಳಿಸಿದರು. ಮಾರನೆಯ ದಿನ ಬೆಳಿಗ್ಗೆ ಆ ಹುಡುಗಿಯನ್ನು ಕರೆದು, ಮೊದಲು ನನ್ನ ಕಣ್ಣಿಗೆ ನೀನು ಬಟ್ಟೆ ಕಟ್ಟು, ನಾನು ನಡೆಯುತ್ತೇನೆ, ಆಮೇಲೆ ನೀನು ಎಂದೆ. ಅವಳು ಗಂಟನ್ನು ಬೇಕೆಂದೇ ಬಿಗಿಯಾಗಿ ಕಟ್ಟಿದಳು. ನಾನು ನಡೆದೆ.